ಅಮೆರಿಕದ ಕೌಂಟಿ ಕೋರ್ಟಿನಿಂದ ಡೈವೋರ್ಸ್ ಕಾಗದ ತೆಗೆಸುವುದು ಹೇಗೆ?

ಮೈಸೂರಿಗೆ ವಾಪಸ್ ಹೋಗಿ ನೆಲೆಸಿರುವ ಗೆಳತಿ ಒಂದು ದಿನ ವಾಟ್ಸಾಪಿನಲ್ಲಿ ಕರೆ ಮಾಡಿದಳು. "ಲೇ, ನನ್ನ ಡೈವೋರ್ಸ್ ಸರ್ಟಿಫಿಕೇಟ್ ಬೇಕಂತೆ ಕಣೇ. ಇಲ್ಲಿ ಲಾಯರ್ ಕೇಳ್ತಿದ್ದಾರೆ. ನೀನು ಅಲ್ಲೇ ಸನಿವೇಲ್‌ನಲ್ಲಿ ಇದ್ದೀಯಲ್ಲ, ಕೋರ್ಟಿಗೆ ಹೋಗಿ ಒಂದು ಕಾಪಿ ತಂದುಬಿಡ್ತೀಯಾ?" ಅವಳ ಹತ್ತಿರ ಇದ್ದದ್ದು ಹಳೇ ವಕೀಲರು ಇಮೇಲ್‌ನಲ್ಲಿ ಕಳಿಸಿದ್ದ ಒಂದು ಪಿಡಿಎಫ್ ಅಷ್ಟೇ.

ಅರ್ಧ ಗಂಟೆ ಕೆಲಸ ಅಂದುಕೊಂಡು ಹೂಂ ಅಂದೆ. ಎರಡು ತಿಂಗಳು ಹಿಡಿಯಿತು. ಅದರಲ್ಲಿ ಮುಕ್ಕಾಲು ಪಾಲು ನನ್ನದೇ ತಪ್ಪು. ಏನು ಕೇಳಬೇಕು, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಹೊರಟಿದ್ದೆ. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾ. ಬೇರೆ ರಾಜ್ಯಗಳಲ್ಲಿ ಎಲ್ಲಿ ವ್ಯತ್ಯಾಸ ಇದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

"ಸರ್ಟಿಫಿಕೇಟ್" ಅಂತ ಕೇಳಬೇಡಿ

ಮೊದಲ ಎಡವಟ್ಟು ಇಲ್ಲೇ ಆಗುವುದು. ಮದುವೆಗೆ ಸರ್ಟಿಫಿಕೇಟ್ ಇದ್ದ ಹಾಗೆ ಡೈವೋರ್ಸಿಗೂ ಇರುತ್ತದೆ ಅಂದುಕೊಳ್ಳುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ನಿಮಗೆ ಬೇಕಾಗಿರುವುದು ಕೋರ್ಟಿನ ತೀರ್ಪು. ಅಲ್ಲಿ ಅದಕ್ಕೆ 'ಜಡ್ಜ್‌ಮೆಂಟ್' ಅನ್ನುತ್ತಾರೆ, ನಮ್ಮ ವಕೀಲರು 'ಡಿಕ್ರಿ' ಅನ್ನುತ್ತಾರೆ. ಎರಡೂ ಒಂದೇ. ಫಾರಂ ನಂಬರ್ ಎಫ್‌ಎಲ್-180. ಡೈವೋರ್ಸ್ ಅನ್ನುವ ಮಾತು ಕೂಡ ಆ ಕಾಗದದಲ್ಲಿ ಕಾಣುವುದಿಲ್ಲ, ಅಲ್ಲಿನ ಪದ 'ಡಿಸಲ್ಯೂಷನ್'. ಹುಡುಕುವಾಗ ಇದು ನೆನಪಿರಲಿ.

ರಾಜ್ಯದ ಆರೋಗ್ಯ ಇಲಾಖೆ ಒಂದು ಪ್ರಮಾಣಪತ್ರ ಕೊಡುತ್ತದೆ, ನಿಜ. ಆದರೆ ಅದು 1962ರಿಂದ 1984ರ ಜೂನ್‌ವರೆಗಿನ ಕೇಸುಗಳಿಗೆ ಮಾತ್ರ. ಅದರಲ್ಲೂ ತೀರ್ಪಿನ ನಕಲು ಇರುವುದಿಲ್ಲ. ಇಂಥವರ ಕೇಸು ಇಂಥ ಕೌಂಟಿಯಲ್ಲಿ ನಡೆದಿದೆ ಅನ್ನುವ ಮಾಹಿತಿ ಇರುತ್ತದೆ ಅಷ್ಟೇ. ನಮ್ಮ ಪೀಳಿಗೆಯವರಿಗೆ ಅದರ ಗೊಡವೆಯೇ ಬೇಡ, ನೇರ ಕೋರ್ಟಿಗೆ ಹೋಗಿ.

ಇನ್ನೊಂದು ಮಾತು. ಗೂಗಲ್‌ನಲ್ಲಿ ಹುಡುಕಿದರೆ "ಐದೇ ನಿಮಿಷದಲ್ಲಿ ಡೈವೋರ್ಸ್ ರೆಕಾರ್ಡ್" ಅನ್ನುವ ಖಾಸಗಿ ಜಾಲತಾಣಗಳು ಮೊದಲು ಬರುತ್ತವೆ. ದುಡ್ಡು ಕಟ್ಟಿದರೆ ಹೆಸರು, ತಾರೀಖು ಇರುವ ಒಂದು ಹಾಳೆ ಸಿಗಬಹುದು. ಅದಕ್ಕೆ ಕೋರ್ಟಿನ ಸೀಲು ಇರುವುದಿಲ್ಲ, ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. 'ಪೇಸರ್' ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ಹುಡುಕಿದರೂ ಪ್ರಯೋಜನವಿಲ್ಲ. ಅದು ಫೆಡರಲ್ ಕೋರ್ಟುಗಳದ್ದು, ಡೈವೋರ್ಸ್ ನಡೆಯುವುದು ರಾಜ್ಯದ ಕೋರ್ಟಿನಲ್ಲಿ.

ಕೌಂಟಿ ಯಾವುದು?

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ 58 ಇವೆ, ಒಂದೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್. ಕೇಸು ಎಲ್ಲಿ ಹಾಕಿದರೋ ಕಾಗದ ಅಲ್ಲೇ ಇರುತ್ತದೆ. ಮದುವೆ ಧರ್ಮಸ್ಥಳದಲ್ಲಿ ಆಗಿರಲಿ, ಲಾಸ್ ವೇಗಸ್‌ನಲ್ಲಿ ಆಗಿರಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಈಗ ನೀವು ಎಲ್ಲಿದ್ದೀರಿ ಅನ್ನುವುದೂ ಲೆಕ್ಕಕ್ಕಿಲ್ಲ.

ನೆನಪಿಲ್ಲದಿದ್ದರೆ ಹೀಗೆ ಯೋಚಿಸಿ. ಇಲ್ಲಿ ಡೈವೋರ್ಸಿಗೆ ಹಾಕಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ ಮೂರು ತಿಂಗಳು ವಾಸವಿರಬೇಕು. ಹಾಗಾಗಿ ಕೇಸು ಹಾಕಿದಾಗ ಗಂಡನೋ ಹೆಂಡತಿಯೋ ಇದ್ದ ಊರು ಯಾವ ಕೌಂಟಿಗೆ ಸೇರುತ್ತದೆ ಅಂತ ನೋಡಿದರೆ ಸಾಕು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಬೇ ಏರಿಯಾದವರು ಇಲ್ಲಿ ಸ್ವಲ್ಪ ಹುಷಾರಾಗಿರಿ. ಸನಿವೇಲ್, ಕ್ಯುಪರ್ಟಿನೊ, ಸ್ಯಾನ್ ಹೋಸೆ ಎಲ್ಲ ಸಾಂಟಾ ಕ್ಲಾರಾ ಕೌಂಟಿ. ಪಕ್ಕದ ಫ್ರೀಮಾಂಟ್ ಮಾತ್ರ ಅಲಮೀಡಾ ಕೌಂಟಿ. ಹದಿನೈದು ನಿಮಿಷದ ದಾರಿ, ಆದರೆ ಕೋರ್ಟ್ ಬೇರೆ. ನನ್ನ ಗೆಳತಿ ಬೇರೆಯಾದ ಮೇಲೆ ಫ್ರೀಮಾಂಟಿನಲ್ಲಿ ಮನೆ ಮಾಡಿದ್ದಳು. ಕೇಸು ಹಾಕಿದ್ದು ಸನಿವೇಲ್‌ನಲ್ಲಿದ್ದ ಗಂಡ. ನಾನು ಮೊದಲು ಹುಡುಕಿದ್ದು ಅಲಮೀಡಾದಲ್ಲಿ, ಸಿಕ್ಕಿದ್ದು ಸಾಂಟಾ ಕ್ಲಾರಾದಲ್ಲಿ.

ನಮ್ಮ ಹೆಸರುಗಳ ರಗಳೆ

ಕೇಸ್ ನಂಬರ್ ಗೊತ್ತಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಹಳೇ ಕಾಗದ ಯಾವುದಾದರೂ ಇದ್ದರೆ ಮೊದಲ ಪುಟದ ಬಲಗಡೆ ಚೌಕದಲ್ಲಿ ನೋಡಿ, ಅಲ್ಲಿರುತ್ತದೆ. ಸಾಂಟಾ ಕ್ಲಾರಾದ ಈಚಿನ ಕೇಸುಗಳಾದರೆ ವರ್ಷದ ಎರಡು ಅಂಕಿ, ಆಮೇಲೆ 'ಎಫ್‌ಎಲ್', ಆಮೇಲೆ ನಂಬರು.

ನಂಬರ್ ಇಲ್ಲದಿದ್ದರೆ ಹೆಸರಿನಿಂದ ಹುಡುಕಬೇಕು. ಕೋರ್ಟಿನ ಸೂಚಿ ಇರುವುದು ಲಾಸ್ಟ್ ನೇಮ್ ಮೇಲೆ. ನಮಗೆ ಲಾಸ್ಟ್ ನೇಮ್ ಅನ್ನುವುದೇ ಒಂದು ತಮಾಷೆ, ಅಲ್ವಾ? ಊರಿನಲ್ಲಿ 'ಎಚ್. ಎಂ. ಸವಿತಾ' ಆಗಿದ್ದವಳು ಪಾಸ್‌ಪೋರ್ಟಿನಲ್ಲಿ ಸವಿತಾ ಮಂಜುನಾಥ್ ಆಗುತ್ತಾಳೆ, ಅದು ಅಪ್ಪನ ಹೆಸರು. ಮದುವೆಯಾದ ಮೇಲೆ ಸವಿತಾ ರಮೇಶ್, ಅದು ಗಂಡನ ಹೆಸರು. ಗಂಡನ ಲಾಸ್ಟ್ ನೇಮ್ ನೋಡಿದರೆ ಅವನ ಅಪ್ಪನ ಹೆಸರು, ಕೃಷ್ಣಮೂರ್ತಿ. ಒಂದೇ ಮನೆಯಲ್ಲಿ ಮೂರು ಲಾಸ್ಟ್ ನೇಮ್. ಕೋರ್ಟಿನಲ್ಲಿ ಇರುವುದು ಕೇಸು ಹಾಕಿದ ದಿನ ಬರೆದ ಹೆಸರು, ಈಗಿನದ್ದಲ್ಲ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರ ಪಾಡು ಇನ್ನೂ ಚೆಂದ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇದ್ದೊಂದು ಹೆಸರನ್ನು ಸರ್‌ನೇಮ್ ಮಾಡಿ, ಫಸ್ಟ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ, ಅಂದರೆ ಹೆಸರು ಗೊತ್ತಿಲ್ಲ ಅಂತ. ಅದೇ ಡ್ರೈವಿಂಗ್ ಲೈಸೆನ್ಸಿಗೆ ಬಂದು, ಅಲ್ಲಿಂದ ಕೋರ್ಟಿಗೂ ಬಂದಿರಬಹುದು. ಎಲ್ಲ ಹುಡುಕಿಯೂ ಸಿಗದಿದ್ದರೆ ಹಾಗೂ ಹುಡುಕಿ ನೋಡಿ.

ಸ್ಪೆಲಿಂಗ್ ಬೇರೆ. ಲಕ್ಷ್ಮಿಯನ್ನು ಎಕ್ಸ್ ಹಾಕಿಯೂ ಬರೆಯುತ್ತಾರೆ, ಕೆ-ಎಸ್-ಎಚ್ ಹಾಕಿಯೂ ಬರೆಯುತ್ತಾರೆ. ಮೂರ್ತಿಗೆ ಕೊನೆಗೆ ಒಂದು ಎಚ್ ಇರಬಹುದು, ಇಲ್ಲದಿರಬಹುದು. ನಾನು ಒಂದು ಚೀಟಿಯಲ್ಲಿ ಇಬ್ಬರ ಹೆಸರಿನ ಎಲ್ಲ ರೂಪಗಳನ್ನೂ ಬರೆದುಕೊಂಡು ಹೋಗಿದ್ದೆ. ಕೊನೆಗೆ ಸಿಕ್ಕಿದ್ದು ಗಂಡನ ಹೆಸರಿನಲ್ಲಿ ಹುಡುಕಿದಾಗ. ನೀವೂ ಇಬ್ಬರ ಹೆಸರಿನಲ್ಲೂ ಹುಡುಕಿ. ಕೋರ್ಟಿನ ಜಾಲತಾಣದಲ್ಲಿ ಹೆಸರು ಹಾಕಿದರೆ ಕೇಸ್ ನಂಬರ್, ಏನೇನು ದಾಖಲಾಗಿದೆ ಅನ್ನುವ ಪಟ್ಟಿ ಸಿಗುತ್ತದೆ. ಆದರೆ ಕುಟುಂಬ ಕೇಸಿನ ಕಾಗದಗಳನ್ನೇ ಹೊರಗಿನವರಿಗೆ ಆನ್‌ಲೈನಿನಲ್ಲಿ ತೋರಿಸುವುದಿಲ್ಲ, ಹಾಗೆಂದು ರಾಜ್ಯದ ನಿಯಮವೇ ಇದೆ. ಕಾಗದ ನೋಡಬೇಕಾದರೆ ಕೋರ್ಟಿಗೇ ಹೋಗಬೇಕು. ಹುಡುಕುವ ಕೆಲಸವನ್ನು ಕ್ಲರ್ಕಿಗೇ ಬಿಟ್ಟರೆ, ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದಾಗ 15 ಡಾಲರ್ ಹುಡುಕುವ ಶುಲ್ಕ ಬೀಳುತ್ತದೆ.

ಕಿಟಕಿಯ ಮುಂದೆ

ಸಾಂಟಾ ಕ್ಲಾರಾದಲ್ಲಿ ಕುಟುಂಬ ಕೇಸುಗಳು ನಡೆಯುವುದು ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟಿನ ಫ್ಯಾಮಿಲಿ ಜಸ್ಟಿಸ್ ಸೆಂಟರ್ ಕಟ್ಟಡದಲ್ಲಿ. ಬಾಗಿಲಲ್ಲಿ ಏರ್‌ಪೋರ್ಟಿನ ಹಾಗೆ ತಪಾಸಣೆ. ಒಳಗೆ ಹೋಗಿ ಸರದಿಗೆ ಕಾದೆ. ನನ್ನ ಸರದಿ ಬಂದಾಗ ಕಿಟಕಿಯ ಆಚೆಯ ಹೆಂಗಸು ಮೊದಲು ಕೇಳಿದ್ದು ಒಂದೇ: "ಪ್ಲೇನ್ ಕಾಪಿಯಾ, ಸರ್ಟಿಫೈಡಾ?"

ಪ್ಲೇನ್ ಅಂದರೆ ಸುಮ್ನೆ ಜೆರಾಕ್ಸ್, ಪುಟಕ್ಕೆ 50 ಸೆಂಟ್. ಓದಿಕೊಳ್ಳಲು, ಕೈಲಿಟ್ಟುಕೊಳ್ಳಲು ಸಾಕು. ಸರ್ಟಿಫೈಡ್ ಅಂದರೆ "ಇದು ನಮ್ಮ ಕಡತದಲ್ಲಿರುವ ಮೂಲದ ಸರಿಯಾದ ನಕಲು" ಅಂತ ಕ್ಲರ್ಕ್ ಸಹಿ ಹಾಕಿ ಸೀಲು ಒತ್ತಿದ್ದು. ಡೈವೋರ್ಸ್ ತೀರ್ಪಿಗೆ ಆ ದೃಢೀಕರಣದ ಶುಲ್ಕ 15 ಡಾಲರ್, ಪುಟದ ದುಡ್ಡು ಬೇರೆ. ಹೋಗುವ ಮೊದಲು ಕೋರ್ಟಿನ ಶುಲ್ಕದ ಪಟ್ಟಿ ಒಮ್ಮೆ ನೋಡಿಕೊಳ್ಳಿ, ದರ ಆಗಾಗ ಬದಲಾಗುತ್ತದೆ. ಕಟ್ಟಲು ಕಷ್ಟ ಅನ್ನುವ ಪರಿಸ್ಥಿತಿ ಇದ್ದರೆ ಎಫ್‌ಡಬ್ಲ್ಯು-001 ಅನ್ನುವ ಶುಲ್ಕ ಮನ್ನಾ ಅರ್ಜಿ ಇದೆ. ಕಾಪಿ ಶುಲ್ಕಕ್ಕೂ ಅದು ಅನ್ವಯಿಸುತ್ತದೆ. ಕೇಳಲು ನಾಚಿಕೆ ಬೇಡ.

ಎರಡನೇ ಪ್ರಶ್ನೆಗೆ ನಾನು ತಬ್ಬಿಬ್ಬಾದೆ. "ಬರೀ ಜಡ್ಜ್‌ಮೆಂಟಾ, ಜೊತೆಗಿರುವ ಒಪ್ಪಂದವೂ ಬೇಕಾ?" ಎಫ್‌ಎಲ್-180 ಒಂದೆರಡು ಹಾಳೆ. ಆದರೆ ಅದರ ಹಿಂದೆ ಮನೆ, ಷೇರು, ಮಕ್ಕಳು, ಜೀವನಾಂಶ ಎಲ್ಲ ಹಂಚಿಕೊಂಡ ಒಪ್ಪಂದ ಅಂಟಿಕೊಂಡಿರುತ್ತದೆ. ಮೂವತ್ತು, ನಲವತ್ತು ಪುಟ ಇರಬಹುದು. ಬ್ಯಾಂಕಿನವರಿಗೋ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಗೋ ಅಷ್ಟೆಲ್ಲ ತೋರಿಸಬೇಕಾಗಿಲ್ಲ. ನಿಮ್ಮ ಸಂಬಳದ ವಿವರ ಅವರಿಗೇಕೆ? ಊರಿನ ಕೋರ್ಟಿಗೆ ಅಥವಾ ಮಕ್ಕಳ ವಿಷಯಕ್ಕೆ ಬೇಕಿದ್ದರೆ ಪೂರ್ತಿ ತೆಗೆಸಿ. ಕಾಗದ ಕೇಳಿದ ವಕೀಲರನ್ನೇ ನಾನು ಮೊದಲು ವಿಚಾರಿಸಬೇಕಿತ್ತು. ವಿಚಾರಿಸದೆ ಹೋಗಿ ಚಿಕ್ಕದನ್ನು ತಂದೆ. ಅವರಿಗೆ ಬೇಕಾಗಿದ್ದು ದೊಡ್ಡದು.

ಕೈಗೆ ಬಂದ ಮೇಲೆ ಅಲ್ಲೇ ನಿಂತು ಮೂರು ವಿಷಯ ನೋಡಿ. ಒಂದು, ಜಡ್ಜ್ ಸಹಿ ಇದೆಯೇ, ಮೇಲೆ 'ಫೈಲ್ಡ್' ಅನ್ನುವ ಠಸ್ಸೆ ಬಿದ್ದಿದೆಯೇ. ಎರಡು, ಎಫ್‌ಎಲ್-180ರ ನಾಲ್ಕನೇ ಅಂಶ. ಮದುವೆಯ ಸಂಬಂಧ ಮುಗಿದು ಇಬ್ಬರೂ ಒಂಟಿಯಾದರು ಅಂತ ಹೇಳುವ ಸಾಲು ಅಲ್ಲಿದೆ, ಅದರ ಪಕ್ಕ ಒಂದು ತಾರೀಖು ಇರುತ್ತದೆ. ನಿಮ್ಮ ಡೈವೋರ್ಸಿನ ದಿನ ಅಂದರೆ ಅದು. ಫೈಲ್ ಆದ ದಿನವೂ ಅದೇ ಆಗಿರಬೇಕು ಅಂತೇನಿಲ್ಲ. ಎದುರು ಪಕ್ಷಕ್ಕೆ ನೋಟಿಸು ಮುಟ್ಟಿದ ಮೇಲೆ ಕನಿಷ್ಠ ಆರು ತಿಂಗಳು ಕಳೆಯದೆ ಕ್ಯಾಲಿಫೋರ್ನಿಯಾದಲ್ಲಿ ಮದುವೆ ಮುರಿಯುವುದಿಲ್ಲ. ಹಾಗಾಗಿ ಈ ದಿನ ಮುಂದಕ್ಕೆ ಹೋಗಿರಬಹುದು. ಕೆಲವು ಕೇಸುಗಳಲ್ಲಿ ಮದುವೆ ಮುರಿದ ತೀರ್ಪು ಮೊದಲು, ಆಸ್ತಿಯ ತೀರ್ಪು ಆಮೇಲೆ ಬಂದಿರುತ್ತದೆ. ಹಾಗಿದ್ದರೆ ಎರಡನ್ನೂ ಕೇಳಿ. ಮೂರು, ಸೀಲು. ಉಬ್ಬು ಸೀಲಾದರೆ ಹೆಬ್ಬೆರಳು ಸವರಿದರೆ ಗೊತ್ತಾಗುತ್ತದೆ. ಜೆರಾಕ್ಸಿನಲ್ಲಿ ಅದು ಸರಿಯಾಗಿ ಮೂಡುವುದಿಲ್ಲ.

ತಾರೀಖಿನ ಬಗ್ಗೆ ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 03/04/2019 ಅಂದರೆ ಮಾರ್ಚ್ 4. ಊರಿನಲ್ಲಿ ಯಾರೇ ಓದಿದರೂ ಏಪ್ರಿಲ್ 3 ಅಂತಲೇ ಓದುತ್ತಾರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಒಂದು, ಡಿಕ್ರಿಯಲ್ಲಿ ಇನ್ನೊಂದು ಅಂತಾದರೆ ಮತ್ತೆ ಅಲೆದಾಟ. ನಾನು ಕಳಿಸುವಾಗ ಬೇರೆ ಹಾಳೆಯಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆದು ಜೊತೆಗಿಟ್ಟೆ. ಡಿಕ್ರಿಯ ಮೇಲೆ ಮಾತ್ರ ಪೆನ್ನು ಮುಟ್ಟಿಸಬೇಡಿ.

ಪಿನ್ನು ಬಿಚ್ಚಬೇಡಿ

ಇದಕ್ಕೆ ಪ್ರತ್ಯೇಕ ತಲೆಬರಹ ಬೇಕು. ಮನೆಗೆ ತಂದು ಗೆಳತಿಗೆ ಸ್ಕ್ಯಾನ್ ಕಳಿಸೋಣ ಅಂತ ಕೂತೆ. ಹಾಳೆಗಳು ಪ್ರಿಂಟರಿನೊಳಗೆ ನೀಟಾಗಿ ಹೋಗಲಿ ಅಂತ ಮೂಲೆಯ ಸ್ಟೇಪ್ಲರ್ ಪಿನ್ನನ್ನು ಉಗುರಿನಿಂದ ಮೆಲ್ಲಗೆ ಎತ್ತಿ ತೆಗೆದೆ. ಸ್ಕ್ಯಾನ್ ಚೆನ್ನಾಗಿ ಬಂತು. ಮತ್ತೆ ಅದೇ ಜಾಗದಲ್ಲಿ ಹೊಸ ಪಿನ್ನು ಹೊಡೆದೆ. ಮುಂದಿನ ಕೌಂಟರಿನಲ್ಲಿ ಕೂತವರು ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಾಲ್ಕು ತೂತು. ಕಾಗದ ವಾಪಸ್.

ಅವರು ಹೇಳಿದ್ದು ಸರಿಯೇ. ದೃಢೀಕರಣ ಇರುವುದು ಇಡೀ ಕಟ್ಟಿಗೆ. ಪಿನ್ನು ಬಿಚ್ಚಿದರೆ ಮಧ್ಯದಲ್ಲಿ ಹಾಳೆ ಬದಲಾಯಿಸಿಲ್ಲ ಅನ್ನುವುದಕ್ಕೆ ಗ್ಯಾರಂಟಿ ಏನು? ಸ್ಕ್ಯಾನ್ ಬೇಕಿದ್ದರೆ ಪುಟ ಮಡಿಚಿ ಫೋನಿನಲ್ಲಿ ಫೋಟೊ ತೆಗೆಯಿರಿ. ಇನ್ನೂ ಒಳ್ಳೆಯದು, ಸರ್ಟಿಫೈಡ್ ಜೊತೆಗೆ ಒಂದು ಪ್ಲೇನ್ ಕಾಪಿಯನ್ನೂ ತಂದು ಅದನ್ನು ಸ್ಕ್ಯಾನ್ ಮಾಡಿ.

ಬೇರೆ ರಾಜ್ಯದಲ್ಲಿ ಆಗಿದ್ದರೆ

ನ್ಯೂಯಾರ್ಕ್‌ನಲ್ಲಿ ಡೈವೋರ್ಸ್ ಕೊಡುವುದು ಸುಪ್ರೀಂ ಕೋರ್ಟ್. ಗಾಬರಿಯಾಗಬೇಡಿ, ಅಲ್ಲಿ ಕೆಳಗಿನ ಕೋರ್ಟಿಗೇ ಆ ಹೆಸರು. ಕಡತ ಇರುವುದು ಆ ಕೌಂಟಿಯ ಕೌಂಟಿ ಕ್ಲರ್ಕ್ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ ನನ್ನಂಥ ಮೂರನೆಯವರೂ ಹೋಗಿ ತೀರ್ಪಿನ ಕಾಪಿ ತರಬಹುದು. ನ್ಯೂಯಾರ್ಕ್‌ನಲ್ಲಿ ಆಗುವುದಿಲ್ಲ. ಗಂಡ, ಹೆಂಡತಿ, ಅವರ ವಕೀಲರು ಇಷ್ಟೇ ಜನ. ಉಳಿದವರಿಗೆ ಕೋರ್ಟಿನ ಆದೇಶ ಬೇಕು, ಅದೂ ನೂರು ವರ್ಷದವರೆಗೆ. ಬೇರೆಯವರನ್ನು ಕಳಿಸುವುದಾದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕಾಗುತ್ತದೆ. ಭಾರತದಲ್ಲಿರುವವರು ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಮಯ ತೆಗೆದುಕೊಂಡು ನೋಟರಿ ಮಾಡಿಸಬಹುದು, ಒಂದು ಸೀಲಿಗೆ 50 ಡಾಲರ್.

ಟೆಕ್ಸಸ್‌ನಲ್ಲಿ ಜನ ಕೌಂಟಿ ಕ್ಲರ್ಕ್ ಬಾಗಿಲಿಗೆ ಹೋಗಿ ವಾಪಸ್ ಬರುತ್ತಾರೆ. ಹೋಗಬೇಕಾಗಿರುವುದು ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ರಾಜ್ಯದ ಆರೋಗ್ಯ ಇಲಾಖೆ 1968ರಿಂದ ಈಚಿನ ಡೈವೋರ್ಸ್‌ಗಳಿಗೆ ಒಂದು ಖಾತ್ರಿ ಪತ್ರ ಕೊಡುತ್ತದೆ, ಆದರೆ ಅದು ಡಿಕ್ರಿಯ ಬದಲಿಗೆ ನಡೆಯುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಈ ಕಡತ ಇಟ್ಟುಕೊಳ್ಳುವವರಿಗೆ 'ಪ್ರೊಥೊನೊಟರಿ' ಅನ್ನುವ ವಿಚಿತ್ರ ಹೆಸರು. ಫ್ಲೋರಿಡಾದಲ್ಲಿ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್. ಮ್ಯಾಸಚೂಸೆಟ್ಸ್‌ನಲ್ಲಿ ಪ್ರೊಬೇಟ್ ಅಂಡ್ ಫ್ಯಾಮಿಲಿ ಕೋರ್ಟ್. ಅಲ್ಲಿ ತೀರ್ಪು ಬಂದ ಮೇಲೂ 90 ದಿನ ಕಾದ ಮೇಲೇ ಡೈವೋರ್ಸ್ ಪಕ್ಕಾ ಆಗುವುದು. ಹಾಗಾಗಿ 'ಆಬ್ಸಲ್ಯೂಟ್' ಅಂತ ಇರುವ ಕಾಗದವನ್ನೇ ಕೇಳಿ.

ಅಂಚೆಯಲ್ಲಿ ತರಿಸುವುದು

ಖುದ್ದಾಗಿ ಹೋಗಲಾಗದಿದ್ದರೆ ಕೋರ್ಟಿಗೆ ಪತ್ರ ಬರೆಯಬಹುದು. ಇಬ್ಬರ ಹೆಸರು, ಕೇಸ್ ನಂಬರ್, ಡೈವೋರ್ಸ್ ಆದ ವರ್ಷ, ಸರ್ಟಿಫೈಡ್ ಎಷ್ಟು ಪ್ರತಿ, ಒಪ್ಪಂದ ಬೇಕೋ ಬೇಡವೋ, ಇಷ್ಟು ಬರೆದರೆ ಸಾಕು. ಜೊತೆಗೆ ಚೆಕ್ ಅಥವಾ ಮನಿ ಆರ್ಡರ್, ನಿಮ್ಮ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಲಕೋಟೆ. ಅಮೆರಿಕದ ಸ್ಟಾಂಪ್, ಅಮೆರಿಕದ ಬ್ಯಾಂಕಿನ ಚೆಕ್ ಬೇಕಾಗುವುದರಿಂದ ಊರಿನಲ್ಲಿ ಕೂತು ಮಾಡುವುದು ಕಷ್ಟ. ಇಲ್ಲಿರುವ ಅಣ್ಣನೋ ಗೆಳೆಯರೋ ಇದ್ದರೆ ಅವರಿಗೇ ಹೇಳುವುದು ವಾಸಿ.

ಊರಿನಲ್ಲಿ ಬಳಸಬೇಕಾದರೆ

ಅಮೆರಿಕದೊಳಗೇ ಬಳಸುವುದಾದರೆ ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಮರುಮದುವೆಯಾಗಿ ಸಂಗಾತಿಗೆ ಗ್ರೀನ್ ಕಾರ್ಡ್ ಹಾಕುವಾಗ ಹಿಂದಿನ ಮದುವೆ ಮುಗಿದದ್ದಕ್ಕೆ ಈ ಡಿಕ್ರಿ ಬೇಕು. ಕನಿಷ್ಠ ಹತ್ತು ವರ್ಷ ಸಂಸಾರ ಮಾಡಿ ಬೇರೆಯಾದವರು ಹಳೇ ಸಂಗಾತಿಯ ಲೆಕ್ಕದ ಮೇಲೆ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿ, ಕೇಳುವಾಗಲೂ ಬೇಕು.

ಕರ್ನಾಟಕಕ್ಕೆ ಹೋಗುವ ಕಾಗದಕ್ಕೆ ಇನ್ನೊಂದು ಮೆಟ್ಟಿಲಿದೆ. ಅದಕ್ಕೆ 'ಅಪಾಸ್ಟಿಲ್' ಅನ್ನುತ್ತಾರೆ. ಕೋರ್ಟ್ ಕ್ಲರ್ಕಿನ ಸಹಿ ನಿಜವಾದದ್ದು ಅಂತ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಕೊಡುವ ಇನ್ನೊಂದು ಹಾಳೆ. ಅಪಾಸ್ಟಿಲ್ ಒಪ್ಪುವ ದೇಶಗಳ ನಡುವಿನ ಒಪ್ಪಂದ ಭಾರತಕ್ಕೆ 2005ರಲ್ಲಿ ಜಾರಿಗೆ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು, ಖುದ್ದಾಗಿಯೂ ಹೋಗಬಹುದು. ಒಂದಕ್ಕೆ 20 ಡಾಲರ್, ಖುದ್ದಾಗಿ ಹೋದರೆ 6 ಡಾಲರ್ ಜಾಸ್ತಿ. ಕೋರ್ಟಿನಲ್ಲಿ ಕಾಪಿ ತೆಗೆದುಕೊಳ್ಳುವಾಗಲೇ "ಇದು ಅಪಾಸ್ಟಿಲ್‌ಗೆ" ಅಂತ ಹೇಳಿಬಿಡಿ. ಸಹಿಯ ಮಾದರಿ ಆ ಕಚೇರಿಯಲ್ಲಿ ಇರುವವರಿಂದಲೇ ಸಹಿ ಆಗಬೇಕು.

ಆದರೆ ಅಪಾಸ್ಟಿಲ್ ಅಂಟಿಸಿದ ಮಾತ್ರಕ್ಕೆ ಡಿಕ್ರಿಯನ್ನು ಭಾರತ ಒಪ್ಪಿತು ಅಂತಲ್ಲ. 1991ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ಈ ವಿಷಯದಲ್ಲಿ ವಕೀಲರು ಈಗಲೂ ಹೇಳುತ್ತಾರೆ. ತಿರುಪತಿಯಲ್ಲಿ ಮದುವೆ, ಗಂಡ ಡೈವೋರ್ಸ್ ತಂದದ್ದು ಮಿಸೌರಿಯ ಸೇಂಟ್ ಲೂಯಿಸ್ ಕೋರ್ಟಿನಿಂದ. ಹೆಂಡತಿ ಆ ಕೋರ್ಟಿನ ಅಧಿಕಾರವನ್ನು ಒಪ್ಪಿರಲಿಲ್ಲ, ಡೈವೋರ್ಸ್ ಕೊಟ್ಟ ಕಾರಣವೂ ಹಿಂದೂ ವಿವಾಹ ಕಾಯ್ದೆಯಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟ್ ಡಿಕ್ರಿಯನ್ನು ಒಪ್ಪಲಿಲ್ಲ. ನಮಗೆ ಇಲ್ಲಿ ಮುಖ್ಯವಾದದ್ದು ಅದೇ ತೀರ್ಪಿನ ಒಂದು ಸಣ್ಣ ಭಾಗ. ಆ ಕಾಪಿಗೆ ಸೇಂಟ್ ಲೂಯಿಸ್ ಕೋರ್ಟಿನ ಡೆಪ್ಯುಟಿ ಕ್ಲರ್ಕ್ ಸರಿಯಾಗಿಯೇ ದೃಢೀಕರಣ ಕೊಟ್ಟಿದ್ದರು. ಆದರೂ ಸಾಕ್ಷ್ಯವಾಗಿ ನಡೆಯಲಿಲ್ಲ, ಯಾಕೆಂದರೆ ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ಮೊಹರು ಅದರ ಮೇಲಿರಲಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂದಿದೆ. ನಿಮ್ಮ ಕೇಸಿಗೆ ಅಪಾಸ್ಟಿಲ್ ಒಂದೇ ಸಾಕೋ, ಭಾರತೀಯ ಕಾನ್ಸುಲೇಟಿನ ದೃಢೀಕರಣವೂ ಬೇಕೋ ಅಂತ ಊರಿನ ವಕೀಲರನ್ನು ಮೊದಲೇ ಕೇಳಿ, ವಾಟ್ಸಾಪಿನಲ್ಲೇ ಆಗಲಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಇದೇ ಕಾರಣಕ್ಕೆ ಕೆಲವು ವಕೀಲರು ಡಿಕ್ರಿಯ ಜೊತೆ ಇನ್ನೂ ಮೂರು ಕಾಗದ ಕೇಳುತ್ತಾರೆ. ಅರ್ಜಿ ಎಫ್‌ಎಲ್-100, ನೋಟಿಸು ಮುಟ್ಟಿದ್ದಕ್ಕೆ ಪುರಾವೆ ಎಫ್‌ಎಲ್-115, ಎದುರು ಪಕ್ಷದ ಉತ್ತರ ಎಫ್‌ಎಲ್-120. ಇಬ್ಬರೂ ಕೇಸಿನಲ್ಲಿ ಭಾಗವಹಿಸಿದ್ದರು, ಒಬ್ಬರ ಬೆನ್ನ ಹಿಂದೆ ನಡೆದದ್ದಲ್ಲ ಅಂತ ತೋರಿಸುವುದು ಇವೇ. ಗೆಳತಿಯ ವಕೀಲರು ಇವನ್ನು ಕೇಳಿದ್ದು ನಾನು ಎರಡು ಸಲ ಕೋರ್ಟಿಗೆ ಹೋಗಿ ಬಂದ ಮೇಲೆ! ಇವುಗಳ ದೃಢೀಕರಣದ ಶುಲ್ಕ ಬೇರೆ, ಡಿಕ್ರಿಯದಕ್ಕಿಂತ ಜಾಸ್ತಿ.

ಮೂರನೇ ಸಲ ಹೋದಾಗ ಎಲ್ಲದರದ್ದೂ ಎರಡೆರಡು ಪ್ರತಿ ಮಾಡಿಸಿದೆ. ಒಂದು ಕಟ್ಟು ಕೊರಿಯರಿನಲ್ಲಿ ಮೈಸೂರಿಗೆ ಹೋಯಿತು. ಇನ್ನೊಂದು ನನ್ನ ಬೀರುವಿನಲ್ಲಿದೆ, ಲಕೋಟೆಯ ಮೇಲೆ ಕೆಂಪು ಅಕ್ಷರದಲ್ಲಿ "ಪಿನ್ನು ಮುಟ್ಟಬೇಡಿ" ಅಂತ ಬರೆದಿದ್ದೇನೆ.